ಡೇವನ್‌ಪೋರ್ಟಿನ ಡಿ. ಡಿ. ಪಾಲ್ಮರ್: ಶಾಲೆ ತೆರೆದವರು, ಶಾಲೆಯಿಂದ ಹೊರಬಿದ್ದವರು

ಪ್ರಶ್ನೆ: ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ಮಗ ಸೊಂಟನೋವಿಗೆಂದು ಕೈರೊಪ್ರಾಕ್ಟರ್, ಅಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಚಿಕಿತ್ಸಕರೊಬ್ಬರ ಬಳಿ ಹೋಗುತ್ತಿದ್ದಾನೆ. ಆ ಚಿಕಿತ್ಸಾಲಯದ ಗೋಡೆಯ ಮೇಲೆ ಉದ್ದ ಗಡ್ಡದ ವೃದ್ಧರೊಬ್ಬರ ಚಿತ್ರವಿದೆಯಂತೆ. ಅವರೇ ಈ ಪದ್ಧತಿಯ ಮೂಲಪುರುಷರೆಂದೂ, ಬೆನ್ನಿನ ಮಣಿಯೊಂದನ್ನು ಒತ್ತಿ ಕಿವುಡನಿಗೆ ಕಿವಿ ಕೇಳಿಸುವಂತೆ ಮಾಡಿದರೆಂದೂ, ಮೊದಲ ಶಾಲೆ ತೆರೆದವರು ಅವರೇ ಎಂದೂ ಅಲ್ಲಿ ಹೇಳಿದರಂತೆ. ಅವರು ಜೈಲಿಗೆ ಹೋಗಿದ್ದರು, ಸ್ವಂತ ಮಗನೇ ಕಾರು ಹಾಯಿಸಿ ಕೊಂದ ಎಂದೆಲ್ಲ ಬೇರೆಡೆ ಓದಿದೆ. ಅವರು ನಿಜವಾಗಿ ವೈದ್ಯರೇ? ಇದರಲ್ಲಿ ಎಷ್ಟು ಸತ್ಯ? ಮಗ ಈ ಚಿಕಿತ್ಸೆಯನ್ನು ಮುಂದುವರಿಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ತಾವು ಕೇಳಿರುವ ವ್ಯಕ್ತಿ ಡೇನಿಯಲ್ ಡೇವಿಡ್ ಪಾಲ್ಮರ್. ವೈದ್ಯಕೀಯ ಪದವಿ ಅವರಿಗೆ ಇರಲಿಲ್ಲ. ‘ಡಾಕ್ಟರ್’ ಎಂಬುದನ್ನು ಅವರೇ ಹೆಸರಿಗೆ ಸೇರಿಸಿಕೊಂಡರು, ರೋಗಿಗಳೂ ಹಾಗೆಯೇ ಕರೆದರು. ಜೈಲಿಗೆ ಹೋದದ್ದು ನಿಜ. ಕಾರಿನ ಆರೋಪ ಎಂದೂ ಸಾಬೀತಾಗಲಿಲ್ಲ. ಕಿವುಡುತನ ವಾಸಿಯಾಯಿತೆಂಬ ಕಥೆಗೆ ಮಾತ್ರ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಲಾಗದು. ಪಾಲ್ಮರ್ ತಮ್ಮ ಚಿಕಿತ್ಸೆಗೆ ಕೊಟ್ಟ ವಿವರಣೆ ಶರೀರಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಆದರೂ ಅದೇ ಕಾಲದ ನೂರಾರು ಚಿಕಿತ್ಸೆಗಳು ಹೆಸರಿಲ್ಲದಂತಾದಾಗ ಇದೊಂದು ಉಳಿದು ಬೆಳೆಯಿತು. ಹಾಗೆ ಉಳಿದದ್ದಕ್ಕೆ ಕಾರಣ ಅವರು ಕಂಡುಹಿಡಿದೆನೆಂದ ಸತ್ಯವಲ್ಲ, ಅವರು ತೆರೆದ ಶಾಲೆ ಎಂಬುದು ನನ್ನ ಅಭಿಪ್ರಾಯ. ಆ ಶಾಲೆ ಅವರ ಕೈಯಲ್ಲಿ ಹತ್ತು ವರ್ಷವೂ ನಿಲ್ಲಲಿಲ್ಲ ಎಂಬುದು ಅವರ ಬದುಕಿನ ವೈಚಿತ್ರ್ಯ.

ಪಾಲ್ಮರ್ ಹುಟ್ಟಿದ್ದು 1845ರ ಮಾರ್ಚ್ 7ರಂದು, ಕೆನಡಾದಲ್ಲಿ, ಟೊರೊಂಟೊಗೆ ಪೂರ್ವದಲ್ಲಿರುವ ಪಿಕರಿಂಗ್ ಪ್ರದೇಶದಲ್ಲಿ. 1865ರಲ್ಲಿ, ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ತಮ್ಮ ಥಾಮಸ್‌ನೊಂದಿಗೆ ಗಡಿ ದಾಟಿ ಬಂದರು. ಮುಂದಿನ ಇಪ್ಪತ್ತು ವರ್ಷ ಅವರು ಹಿಡಿದು ಬಿಟ್ಟ ಉದ್ಯೋಗಗಳನ್ನು ನೋಡಿದರೆ ಇವರು ಒಂದು ವೈದ್ಯಪದ್ಧತಿಗೆ ಮೂಲಪುರುಷರಾಗುತ್ತಾರೆಂದು ಯಾರೂ ಊಹಿಸಲಾರರು. ಅಯೋವಾ ಮತ್ತು ಇಲಿನಾಯ್ ರಾಜ್ಯಗಳ ಹಳ್ಳಿ ಶಾಲೆಗಳಲ್ಲಿ ಮೇಷ್ಟ್ರಾದರು. ಇಲಿನಾಯ್‌ನ ನ್ಯೂ ಬೋಸ್ಟನ್ ಬಳಿ ತೋಟ ಮಾಡಿ ಜೇನು ಸಾಕಿದರು, ರಾಸ್‌ಬೆರಿ ಸಸಿಗಳನ್ನು ಬೆಳೆಸಿ ಮಾರಿದರು. ಆಮೇಲೆ ಅಯೋವಾದ ವಾಟ್ ಚಿಯರ್ ಎಂಬ ಕಲ್ಲಿದ್ದಲು ಗಣಿಯ ಊರಿನಲ್ಲಿ ದಿನಸಿ ಅಂಗಡಿ ಇಟ್ಟು, ಬಣ್ಣದ ಮೀನುಗಳನ್ನೂ ಮಾರಿದರು. ಮುಂದೆ ಅವರ ಬದುಕಿನುದ್ದಕ್ಕೂ ಎದುರಾಳಿಯೂ ಉತ್ತರಾಧಿಕಾರಿಯೂ ಆಗಲಿದ್ದ ಮಗ ಬಾರ್ಟ್‌ಲೆಟ್ ಜೋಶುವಾ, ಅಂದರೆ ಬಿ. ಜೆ. ಪಾಲ್ಮರ್, 1882ರಲ್ಲಿ ಹುಟ್ಟಿದ್ದು ಈ ಊರಿನಲ್ಲಿಯೇ. ತಾಯಿ ತೀರಿಕೊಂಡಾಗ ಬಿ. ಜೆ. ಇನ್ನೂ ಪುಟ್ಟ ಮಗು.

1886ರಲ್ಲಿ ಪಾಲ್ಮರ್ ಅಂಗಡಿ ಬಿಟ್ಟು ‘ಕಾಂತ ಚಿಕಿತ್ಸಕ’ರಾದರು. ರೋಗಿಯ ದೇಹದ ಮೇಲೆ ಕೈಯಿಟ್ಟು, ತನ್ನಲ್ಲಿನ ಜೀವಕಾಂತ ಶಕ್ತಿಯನ್ನು ಹರಿಸಿ ಗುಣಪಡಿಸುತ್ತೇನೆ ಎನ್ನುವವರು ಆಗಿನ ಅಮೆರಿಕದ ನಡುನಾಡಿನಲ್ಲಿ ಹಲವರಿದ್ದರು; ಅಯೋವಾದ ಆಟಮ್ವಾ ಪಟ್ಟಣದ ಪಾಲ್ ಕ್ಯಾಸ್ಟರ್ ಅವರಲ್ಲಿ ಹೆಸರಾದವರು, ಪಾಲ್ಮರ್ ಮೇಲೆ ಅವರ ಪ್ರಭಾವವಿತ್ತು. ಇದನ್ನು ಬರಿಯ ಮೋಸ ಎಂದು ತಳ್ಳಿಹಾಕುವ ಮುನ್ನ ಆಗಿನ ಪದವೀಧರ ವೈದ್ಯರ ಕೈಯಲ್ಲಿ ಏನಿತ್ತು ಎಂಬುದನ್ನೂ ನೋಡಬೇಕು. ಪಾದರಸದ ಔಷಧಗಳು, ಅಫೀಮು, ಹೊಟ್ಟೆಯನ್ನು ಬರಿದು ಮಾಡುವ ಭೇದಿಮಾತ್ರೆಗಳು ಇನ್ನೂ ಬಳಕೆಯಲ್ಲಿದ್ದವು. ಸಲ್ಫಾ ಮತ್ತು ಪೆನಿಸಿಲಿನ್ ಬರಲು ಅರ್ಧ ಶತಮಾನ ಬಾಕಿಯಿತ್ತು. ಔಷಧವನ್ನೇ ಕೊಡದೆ ಬೆನ್ನು ಸವರಿ, ಸಮಾಧಾನದ ಮಾತಾಡಿ ಕಳುಹಿಸುವವನ ಬಳಿ ಹೋದ ರೋಗಿಗೆ ಕನಿಷ್ಠಪಕ್ಷ ಹೊಸ ಹಾನಿಯಾಗುತ್ತಿರಲಿಲ್ಲ. ಪಾಲ್ಮರ್ 1887ರಲ್ಲಿ ಮಿಸಿಸಿಪ್ಪಿ ನದಿಯ ದಡದ ಡೇವನ್‌ಪೋರ್ಟ್ ಪಟ್ಟಣಕ್ಕೆ ಬಂದು, ಸೆಕೆಂಡ್ ಮತ್ತು ಬ್ರೇಡಿ ರಸ್ತೆಗಳು ಕೂಡುವ ಮೂಲೆಯ ರಯನ್ ಬ್ಲಾಕ್ ಕಟ್ಟಡದಲ್ಲಿ ಕೋಣೆಗಳನ್ನು ಬಾಡಿಗೆಗೆ ಹಿಡಿದರು. ಹೊರಊರಿನ ರೋಗಿಗಳು ಉಳಿದುಕೊಳ್ಳುವಷ್ಟು ಅದು ಬೆಳೆಯಿತು. ತಮ್ಮ ಚಿಕಿತ್ಸೆಯನ್ನು ಹೊಗಳುವ ಪತ್ರಿಕೆಗಳನ್ನು ತಾವೇ ಅಚ್ಚು ಹಾಕಿಸಿ ಹಂಚುತ್ತಿದ್ದರು. ಜಾಹೀರಾತಿನ ಕಲೆ ಮಗನಿಗೆ ಬಂದದ್ದು ಎಲ್ಲಿಂದ ಎಂದು ಬೇರೆ ಹುಡುಕಬೇಕಿಲ್ಲ.

ಇನ್ನು ತಾವು ಕೇಳಿದ ಕಿವುಡುತನದ ಪ್ರಸಂಗ. ಅದೇ ಕಟ್ಟಡದಲ್ಲಿ ಹಾರ್ವೆ ಲಿಲರ್ಡ್ ಎಂಬ ಕಪ್ಪುವರ್ಣೀಯರು ಕಸಗುಡಿಸುವ, ಒರೆಸುವ ಕೆಲಸ ನೋಡಿಕೊಳ್ಳುತ್ತಿದ್ದರು. ಹದಿನೇಳು ವರ್ಷಗಳಿಂದ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಬೀದಿಯಲ್ಲಿ ಹೋಗುವ ಗಾಡಿಯ ಗಡಗಡ ಸದ್ದಾಗಲಿ, ಗಡಿಯಾರದ ಟಿಕ್ ಟಿಕ್ ಆಗಲಿ ತಿಳಿಯುತ್ತಿರಲಿಲ್ಲ ಎಂದು ಪಾಲ್ಮರ್ ಬರೆದಿದ್ದಾರೆ. ಬಗ್ಗಿ ಏನೋ ಶ್ರಮದ ಕೆಲಸ ಮಾಡುವಾಗ ಬೆನ್ನಿನಲ್ಲಿ ಏನೋ ಜರುಗಿದಂತಾಯಿತು, ಅಂದಿನಿಂದಲೇ ಕಿವಿ ಹೋಯಿತು ಎಂದು ಲಿಲರ್ಡ್ ಹೇಳಿದರಂತೆ. ಪಾಲ್ಮರ್ ಬೆನ್ನು ಮುಟ್ಟಿ ನೋಡಿದಾಗ ಒಂದು ಮಣಿ ಸ್ಥಾನ ತಪ್ಪಿದಂತೆ ಕಂಡಿತು. ಮಣಿಯ ಹಿಂಭಾಗದಲ್ಲಿ ಮುಳ್ಳಿನಂತೆ ಚಾಚಿಕೊಂಡಿರುವ ಎಲುಬನ್ನೇ ಸನ್ನೆಗೋಲಿನ ಹಾಗೆ ಬಳಸಿ ಅದನ್ನು ಒಳಕ್ಕೆ ತಳ್ಳಿದರು. ಲಿಲರ್ಡ್‌ಗೆ ಕಿವಿ ಕೇಳಿಸತೊಡಗಿತು. ಕೈರೊಪ್ರಾಕ್ಟಿಕ್ ಲೋಕ 1895ರ ಸೆಪ್ಟೆಂಬರ್ 18ನ್ನು ತನ್ನ ಹುಟ್ಟುಹಬ್ಬವಾಗಿ ಆಚರಿಸುವುದು ಈ ಕಾರಣಕ್ಕೆ.

ಇಲ್ಲಿ ಮೂರು ತೊಡಕುಗಳಿವೆ. ಮೊದಲನೆಯದು, ಪಾಲ್ಮರ್ ಅವರ ವಿಸ್ತಾರವಾದ ವಿವರಣೆ ಬಂದದ್ದು ಘಟನೆಯಾಗಿ ಹದಿನೈದು ವರ್ಷಗಳ ಬಳಿಕ. ಲಿಲರ್ಡ್ ಅವರ ಹೇಳಿಕೆ 1897ರಲ್ಲಿಯೇ ಅಚ್ಚಾಗಿದೆ, ಆದರೆ ಅದು ಅಚ್ಚಾದದ್ದು ಪಾಲ್ಮರ್ ಅವರದೇ ಪ್ರಚಾರಪತ್ರಿಕೆಯಲ್ಲಿ. ಬೇರೆ ವೈದ್ಯರಾರೂ ಚಿಕಿತ್ಸೆಗೆ ಮುಂಚೆ ಮತ್ತು ನಂತರ ಆ ಕಿವಿಗಳನ್ನು ಪರೀಕ್ಷಿಸಿದ ದಾಖಲೆಯಿಲ್ಲ. ಎರಡನೆಯದು, ಲಿಲರ್ಡ್ ಅವರ ಮಗಳು ಬಹಳ ವರ್ಷಗಳ ನಂತರ ಹೇಳಿದ ಕಥೆಯೇ ಬೇರೆ: ತಂದೆ ಗೆಳೆಯನಿಗೆ ಹಾಸ್ಯದ ಪ್ರಸಂಗವೊಂದನ್ನು ಹೇಳುತ್ತಿದ್ದರು, ಅದನ್ನು ಕೇಳಿ ನಕ್ಕ ಪಾಲ್ಮರ್ ಕೈಯಲ್ಲಿದ್ದ ದಪ್ಪ ಪುಸ್ತಕದಿಂದ ಅವರ ಬೆನ್ನಿಗೆ ತಟ್ಟಿದರು, ಕೆಲವು ದಿನಗಳಲ್ಲಿ ಕಿವಿ ಸುಧಾರಿಸಿತು. ಸಂಪೂರ್ಣ ಕಿವುಡರಾದವರು ಹಾಸ್ಯ ಹೇಳುತ್ತ ನಿಂತಿದ್ದರೆ, ಕೇಳುಗರ ಮಾತು ಅವರಿಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮೂರನೆಯದೇ ದೊಡ್ಡ ತೊಡಕು. ಶಬ್ದವನ್ನು ಒಯ್ಯುವ ನರ ಒಳಗಿವಿಯಿಂದ ಹೊರಟು ತಲೆಬುರುಡೆಯ ಒಳಗೇ ಸಾಗಿ ಮಿದುಳಿನ ಕಾಂಡವನ್ನು ಸೇರುತ್ತದೆ. ಅದು ಬೆನ್ನುಮೂಳೆಯ ಮಣಿಗಳ ನಡುವೆ ಎಲ್ಲಿಯೂ ಹಾಯುವುದಿಲ್ಲ. ಬೆನ್ನಿನ ಮಣಿ ಸರಿದು ಆ ನರವನ್ನು ಒತ್ತಿತು ಎನ್ನಲು ಅಲ್ಲಿ ನರವೇ ಇಲ್ಲ. ಲಿಲರ್ಡ್‌ಗೆ ಏನೂ ಆಗಲಿಲ್ಲ ಎಂದು ನಾನು ಹೇಳಲಾರೆ. ಭಾಗಶಃ ಕಿವುಡುತನ ತಾನಾಗಿಯೇ ಏರಿಳಿಯುವುದುಂಟು. ಆದರೆ ಪಾಲ್ಮರ್ ಕೊಟ್ಟ ಕಾರಣ ಮಾತ್ರ ಸರಿಯಾಗಿರಲು ಸಾಧ್ಯವಿಲ್ಲ.

ಸ್ವಲ್ಪ ದಿನಗಳಲ್ಲಿ ಹೃದಯದ ತೊಂದರೆಯಿದ್ದ ಇನ್ನೊಬ್ಬ ರೋಗಿಗೂ ಬೆನ್ನನ್ನು ಒತ್ತಿದ್ದರಿಂದ ಗುಣವಾಯಿತೆಂದು ಪಾಲ್ಮರ್ ನಂಬಿದರು. ಕಿವಿ ಮತ್ತು ಹೃದಯದಂತಹ ಸಂಬಂಧವೇ ಇಲ್ಲದ ಎರಡು ಕಾಯಿಲೆಗಳಿಗೆ ಕಾರಣ ಒಂದೇ ಆಗಿದ್ದರೆ, ಉಳಿದವಕ್ಕೂ ಅದೇ ಏಕಾಗಬಾರದು ಎಂದು ಅವರು ತರ್ಕಿಸಿದರು. ಅಲ್ಲಿಂದ ಅವರು ನೆಗೆದದ್ದು ಬಹಳ ದೂರ: ನೂರಕ್ಕೆ ತೊಂಬತ್ತೈದು ರೋಗಗಳಿಗೆ ಸ್ಥಾನ ತಪ್ಪಿದ ಬೆನ್ನುಮಣಿಗಳೇ ಕಾರಣ, ಉಳಿದ ಐದಕ್ಕೆ ದೇಹದ ಇತರ ಕೀಲುಗಳು. ಇಬ್ಬರು ರೋಗಿಗಳಿಂದ ಇಡೀ ವೈದ್ಯಶಾಸ್ತ್ರಕ್ಕೆ ಏಣಿ ಹಾಕಿದ ಈ ಧೈರ್ಯವೇ ಅವರ ದೌರ್ಬಲ್ಯವೂ ಹೌದು, ಶಿಷ್ಯರನ್ನು ಸೆಳೆದ ಶಕ್ತಿಯೂ ಹೌದು. ಕೈರೊಪ್ರಾಕ್ಟಿಕ್ ಎಂಬ ಗ್ರೀಕ್ ಮೂಲದ ಹೆಸರನ್ನು ಕಟ್ಟಿಕೊಟ್ಟವರು ಅವರ ರೋಗಿಯೂ ಸ್ನೇಹಿತರೂ ಆಗಿದ್ದ ಸ್ಯಾಮ್ಯುಯೆಲ್ ವೀಡ್ ಎಂಬ ಪಾದ್ರಿ.

ಮೊದಮೊದಲು ಪಾಲ್ಮರ್ ತಮ್ಮ ವಿಧಾನವನ್ನು ಗುಟ್ಟಾಗಿಟ್ಟಿದ್ದರು. ಆಮೇಲೆ ರೈಲು ಅಪಘಾತವೊಂದರಲ್ಲಿ ಸಾವಿನ ಹತ್ತಿರ ಹೋಗಿ ಬಂದ ಅವರಿಗೆ, ತಾನು ಸತ್ತರೆ ಈ ವಿದ್ಯೆಯೂ ತನ್ನೊಂದಿಗೆ ಹೋಗುತ್ತದೆ ಎಂಬ ಭಯ ಹುಟ್ಟಿತೆಂದೂ, ಇತರರಿಗೆ ಕಲಿಸುವ ನಿರ್ಧಾರಕ್ಕೆ ಅದೇ ಕಾರಣವೆಂದೂ ಹೇಳಲಾಗುತ್ತದೆ. 1897ರ ಹೊತ್ತಿಗೆ ‘ಪಾಲ್ಮರ್ ಸ್ಕೂಲ್ ಅಂಡ್ ಕ್ಯೂರ್’ ಆರಂಭವಾಯಿತು. ಚಿಕಿತ್ಸೆಯೂ ಪಾಠವೂ ಒಂದೇ ಅಂತಸ್ತಿನಲ್ಲಿ ನಡೆಯುತ್ತಿದ್ದವು. ಪ್ರವೇಶಕ್ಕೆ ವೈದ್ಯಕೀಯ ಓದಿನ ಅಗತ್ಯವಿರಲಿಲ್ಲ, ಆದರೂ ಆರಂಭದ ವಿದ್ಯಾರ್ಥಿಗಳಲ್ಲಿ ಪದವೀಧರ ವೈದ್ಯರೂ ಇದ್ದರು. 1902ರವರೆಗಿನ ಅಷ್ಟೂ ವರ್ಷಗಳಲ್ಲಿ ಓದಿ ಹೊರಬಂದವರು ಹದಿನೈದರ ಆಸುಪಾಸು ಮಾತ್ರ. ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಆಂಡ್ರೂ ಟೇಲರ್ ಸ್ಟಿಲ್ 1892ರಲ್ಲಿಯೇ ಆಸ್ಟಿಯೋಪತಿ, ಅಂದರೆ ಮೂಳೆ ಕೀಲುಗಳನ್ನು ಕೈಯಿಂದ ಸರಿಪಡಿಸುವ ಇನ್ನೊಂದು ಪದ್ಧತಿಯ ಶಾಲೆ ತೆರೆದಿದ್ದರು. ಅವರ ವಿದ್ಯೆಯನ್ನೇ ಪಾಲ್ಮರ್ ಕದ್ದರೆಂಬ ಆರೋಪ ಆಗಲೂ ಇತ್ತು, ಈಗಲೂ ಇದೆ. ಪಾಲ್ಮರ್ ಅದಕ್ಕೆ ಕೊಟ್ಟ ಉತ್ತರ ಪ್ರಾಮಾಣಿಕವಾದದ್ದೇ: ಬೆನ್ನುಮಣಿಗಳನ್ನು ಸರಿಪಡಿಸಿದವರಲ್ಲಿ ತಾನು ಮೊದಲಿಗನಲ್ಲ, ಮಣಿಯ ಚಾಚುಗಳನ್ನು ಸನ್ನೆಯಾಗಿ ಬಳಸಿದವರಲ್ಲಿ ಮೊದಲಿಗ.

ನಮ್ಮ ಓದುಗರಿಗೆ ಆಂಧ್ರದ ಪುತ್ತೂರು ಕಟ್ಟಿನ ನೆನಪಾಗಬಹುದು. ಅಲ್ಲಿ ಮುರಿದ ಮೂಳೆ ಕಟ್ಟುವ ವಿದ್ಯೆ ಕುಟುಂಬದೊಳಗೇ ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಮನೆತನವೇ ಅದರ ಹೆಸರನ್ನು ಕಾಯುತ್ತದೆ. ಪಾಲ್ಮರ್ ಹಿಡಿದದ್ದು ಇದಕ್ಕೆ ವಿರುದ್ಧವಾದ ದಾರಿ. ಶುಲ್ಕ ಕೊಟ್ಟು ಕಲಿತವನು ಗುರುವಿನ ಮನೆಯವನಾಗಿರಬೇಕಿಲ್ಲ, ಗುರುವಿಗೆ ವಿಧೇಯನಾಗಿಯೂ ಇರಬೇಕಿಲ್ಲ. ಸೋಲನ್ ಲ್ಯಾಂಗ್‌ವರ್ದಿ ಎಂಬ ಶಿಷ್ಯರು 1903ರಲ್ಲಿ ಅಯೋವಾದ ಸೀಡರ್ ರಾಪಿಡ್ಸ್‌ನಲ್ಲಿ ಪೈಪೋಟಿಯ ಶಾಲೆ ತೆರೆದು, ಪಾಲ್ಮರ್ ಅವರ ವಿದ್ಯೆಗೆ ಇತರ ಚಿಕಿತ್ಸೆಗಳನ್ನು ಬೆರೆಸಿ ಕಲಿಸತೊಡಗಿದರು. ಇನ್ನೊಬ್ಬ ಶಿಷ್ಯ ಜಾನ್ ಹೊವರ್ಡ್ 1906ರಲ್ಲಿ ಡೇವನ್‌ಪೋರ್ಟಿನಲ್ಲಿಯೇ ಮತ್ತೊಂದು ಶಾಲೆ ತೆರೆದು ಕೆಲವೇ ವರ್ಷಗಳಲ್ಲಿ ಅದನ್ನು ಷಿಕಾಗೋಗೆ ಒಯ್ದರು. ಗುರುವಿಗೆ ಇದೆಲ್ಲ ದ್ರೋಹವಾಗಿ ಕಂಡಿತು. ಆದರೆ ಪದ್ಧತಿಯೊಂದು ಬೇರೂರುವುದು ಹೀಗೆ ಕೈತಪ್ಪಿ ಹೋದಾಗಲೇ.

ಪಾಲ್ಮರ್ ಆಡಳಿತಗಾರರಾಗಿ ನೆಟ್ಟಗಿರಲಿಲ್ಲ. 1902ರಲ್ಲಿ ಸಾಲವಿದ್ದ ಶಾಲೆಯನ್ನು ಇಪ್ಪತ್ತು ವರ್ಷದ, ಆಗಷ್ಟೇ ಓದು ಮುಗಿಸಿದ್ದ ಮಗನ ಮೇಲೆ ಬಿಟ್ಟು ಕ್ಯಾಲಿಫೋರ್ನಿಯಾಗೆ ಹೊರಟುಹೋದರು. ಎರಡು ವರ್ಷ ಕಳೆದು ಮರಳಿದಾಗ ಶಾಲೆ ಮುಚ್ಚಿರಲಿಲ್ಲ, ಚೇತರಿಸಿಕೊಂಡಿತ್ತು, ಬಿ. ಜೆ. ಮತ್ತು ಅವರ ಪತ್ನಿ ಮೇಬಲ್ ಅದನ್ನು ನಿಲ್ಲಿಸಿಕೊಂಡಿದ್ದರು. ಮೇಬಲ್ ಮುಂದೆ ಅಂಗರಚನಾಶಾಸ್ತ್ರದ ಅಧ್ಯಾಪಕಿಯಾಗಿ ಶಾಲೆಯಲ್ಲಿ ಗೌರವ ಗಳಿಸಿದವರು. ತಂದೆ ಮಕ್ಕಳನ್ನು ಕ್ರೂರವಾಗಿ ಹೊಡೆಯುತ್ತಿದ್ದರು, ಚಿಂತನೆ ಬರವಣಿಗೆಗಳಲ್ಲಿ ಮುಳುಗಿ ನಾವಿದ್ದೇವೆಂಬುದನ್ನೇ ಮರೆಯುತ್ತಿದ್ದರು ಎಂದು ಬಿ. ಜೆ. ಬರೆದುಕೊಂಡಿದ್ದಾರೆ. ಆ ಮಾತನ್ನು ಎದುರಾಳಿಯ ಮಾತಾಗಿಯೂ ಓದಬೇಕು, ಮಗನ ಮಾತಾಗಿಯೂ ಓದಬೇಕು.

1906ರ ಮಾರ್ಚ್‌ನಲ್ಲಿ ಡೇವನ್‌ಪೋರ್ಟಿನ ನ್ಯಾಯಾಲಯ ಪಾಲ್ಮರ್ ಅವರನ್ನು ಪರವಾನಗಿಯಿಲ್ಲದೆ ವೈದ್ಯವೃತ್ತಿ ನಡೆಸಿದ ಅಪರಾಧಿಯೆಂದು ಘೋಷಿಸಿತು. ಶಿಕ್ಷೆ 350 ಡಾಲರ್ ದಂಡ ಅಥವಾ 105 ದಿನಗಳ ಸೆರೆ. ದಂಡ ಕಟ್ಟಿದರೆ ತಪ್ಪೊಪ್ಪಿಕೊಂಡಂತೆ ಎಂಬ ಹಟದಿಂದ ಅವರು ಜೈಲನ್ನೇ ಆರಿಸಿಕೊಂಡರು. ಆಗ ಅವರಿಗೆ ಅರವತ್ತೊಂದು ವರ್ಷ. ಇಪ್ಪತ್ತಮೂರು ದಿನ ಕಳೆದ ಮೇಲೆ ದಂಡ ಕಟ್ಟಿ ಹೊರಬಂದರು. ಹೊರಬರುವ ಹೊತ್ತಿಗೆ ಶಾಲೆಯ ಮೇಲಿನ ಹಿಡಿತ ಹೋಗಿತ್ತು. ತಂದೆ ಮಗನ ನಡುವೆ ಪಂಚಾಯಿತಿ ನಡೆದು, ಶಾಲೆಯಲ್ಲಿನ ತಂದೆಯ ಪಾಲಿಗೆ ಎರಡು ಸಾವಿರ ಡಾಲರಿಗಿಂತ ತುಸು ಹೆಚ್ಚು ಹಣ, ಕೆಲವು ಪುಸ್ತಕಗಳು ಮತ್ತು ಪಾಠಕ್ಕೆ ಬಳಸುತ್ತಿದ್ದ ಕೆಲವು ಎಲುಬುಗಳು ಎಂದು ತೀರ್ಮಾನವಾಯಿತು. ತಮ್ಮ ಹೆಸರನ್ನೇ ಹೊತ್ತ ಶಾಲೆಯಿಂದ ಪಾಲ್ಮರ್ ಹೀಗೆ ಹೊರನಡೆದರು.

ಮರುವರ್ಷವೇ ವಿಸ್ಕಾನ್ಸಿನ್‌ನ ಲಾ ಕ್ರಾಸ್ ಪಟ್ಟಣದಲ್ಲಿ ನಡೆದ ಮೊಕದ್ದಮೆ ಈ ವೃತ್ತಿಯ ಹಣೆಬರಹವನ್ನು ಬದಲಿಸಿತು. ಪಾಲ್ಮರ್ ಶಾಲೆಯಲ್ಲಿ ಕಲಿತ ಷೆಗಟಾರೊ ಮೊರಿಕುಬೊ ಎಂಬ ಜಪಾನ್ ಮೂಲದವರ ಮೇಲೆ ಪರವಾನಗಿಯಿಲ್ಲದೆ ಆಸ್ಟಿಯೋಪತಿ ಮಾಡಿದ ಆರೋಪ ಹೊರಿಸಲಾಗಿತ್ತು. ವಕೀಲ ಟಾಮ್ ಮಾರಿಸ್ ಹೂಡಿದ ವಾದ ಸರಳವಾಗಿತ್ತು: ಕೈರೊಪ್ರಾಕ್ಟಿಕ್‌ಗೆ ತನ್ನದೇ ವಿಜ್ಞಾನ, ಕಲೆ ಮತ್ತು ತತ್ತ್ವವಿದೆ, ಆದ್ದರಿಂದ ಅದು ಆಸ್ಟಿಯೋಪತಿಯೂ ಅಲ್ಲ, ವೈದ್ಯವೃತ್ತಿಯೂ ಅಲ್ಲ. ಅದಕ್ಕೆ ಅವರು ಬಳಸಿಕೊಂಡ ಮುಖ್ಯ ಆಧಾರ ಬೇರೆ ಯಾರದೂ ಅಲ್ಲ, ಪಾಲ್ಮರ್ ದ್ರೋಹಿಯೆಂದು ಬಗೆದಿದ್ದ ಲ್ಯಾಂಗ್‌ವರ್ದಿ ಮತ್ತು ಸಂಗಡಿಗರು 1906ರಲ್ಲಿ ಬರೆದ ಪಠ್ಯಪುಸ್ತಕ. ಮೊರಿಕುಬೊ ಖುಲಾಸೆಯಾದರು. ಮುಂದೆ ಸಾವಿರಾರು ಮೊಕದ್ದಮೆಗಳಲ್ಲಿ ಇದೇ ವಾದ ಮರಳಿ ಮರಳಿ ಬಂದಿತು, ಬಿ. ಜೆ. ಕಟ್ಟಿದ ವೃತ್ತಿಸಂಘ ಸದಸ್ಯರ ಪರವಾಗಿ ವಕೀಲರನ್ನು ಒದಗಿಸಿತು. ಒಬ್ಬಂಟಿ ಚಿಕಿತ್ಸಕರು ಎಷ್ಟೇ ಪ್ರಸಿದ್ಧರಾಗಿದ್ದರೂ ಇಂಥ ಹೋರಾಟ ಅವರಿಂದಾಗುತ್ತಿರಲಿಲ್ಲ. ಒಂದೇ ಕಡೆ ಕಲಿತು, ಒಂದೇ ಮಾತನ್ನಾಡುವ ನೂರಾರು ಜನ ಬೇಕಿತ್ತು, ಅವರನ್ನು ಶಾಲೆ ತಯಾರು ಮಾಡಿತ್ತು. ಕಾಂತ ಚಿಕಿತ್ಸಕರು ಅಳಿದು ಕೈರೊಪ್ರಾಕ್ಟರುಗಳು ಉಳಿದದ್ದರ ಗುಟ್ಟನ್ನು ನಾನು ಇಲ್ಲಿಯೇ ಕಾಣುತ್ತೇನೆ.

ಇತ್ತ ಪಾಲ್ಮರ್ ಓಕ್ಲಹೋಮಾದ ಮೆಡ್‌ಫರ್ಡ್‌ಗೆ ಹೋಗಿ ಮತ್ತೆ ದಿನಸಿ ಅಂಗಡಿ ಇಟ್ಟರು. ತಮ್ಮ ಥಾಮಸ್ ಅಲ್ಲಿದ್ದರು. ಅಂಗಡಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಓಕ್ಲಹೋಮಾ ನಗರದಲ್ಲಿ ಆಲ್ವಾ ಗ್ರೆಗರಿ ಎಂಬ ವೈದ್ಯರ ಜೊತೆಗೂಡಿ ಕಾಲೇಜು ತೆರೆದು ಬೇಗನೆ ಜಗಳವಾಡಿ ಹೊರಬಂದರು. ಆಮೇಲೆ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ತಮ್ಮದೇ ಹೆಸರಿನ ಇನ್ನೊಂದು ಶಾಲೆ ನಡೆಸಿದರು, ಅದೂ ನಿಲ್ಲಲಿಲ್ಲ. 1910ರಲ್ಲಿ ಅಲ್ಲಿಂದಲೇ ಸಾವಿರ ಪುಟಗಳಷ್ಟು ದೊಡ್ಡ ಗ್ರಂಥವನ್ನು ಹೊರತಂದರು. ಅದರಲ್ಲಿ ಸಿದ್ಧಾಂತಕ್ಕೆ ಎಷ್ಟು ಜಾಗವೋ, ಮಗನನ್ನೂ ಹಳೆಯ ಶಿಷ್ಯರನ್ನೂ ತಿದ್ದುವುದಕ್ಕೆ, ಜರೆಯುವುದಕ್ಕೆ ಹೆಚ್ಚುಕಡಿಮೆ ಅಷ್ಟೇ ಜಾಗ. ದೇಹದಲ್ಲಿ ಹುಟ್ಟಿನಿಂದಲೇ ನೆಲೆಸಿ, ನರಗಳ ಮೂಲಕ ಎಲ್ಲವನ್ನೂ ನಡೆಸುವ ‘ಸಹಜ ಪ್ರಜ್ಞೆ’ಯೊಂದಿದೆ ಎಂಬುದು ಅವರ ನಂಬಿಕೆಯ ತಿರುಳು. ಈ ತತ್ತ್ವ ತಮಗೆ ದೊರೆತದ್ದು ಜಿಮ್ ಅಟ್ಕಿನ್‌ಸನ್ ಎಂಬ, ಎಂದೋ ತೀರಿಕೊಂಡಿದ್ದ ಡೇವನ್‌ಪೋರ್ಟಿನ ವೈದ್ಯರ ಆತ್ಮದಿಂದ ಎಂದು ಅವರು ಬರೆದಿದ್ದಾರೆ. 1911ರಲ್ಲಿ ಬರೆದ ಪತ್ರವೊಂದರಲ್ಲಿ ಕೈರೊಪ್ರಾಕ್ಟಿಕ್ ಅನ್ನು ಧರ್ಮವೆಂದೇ ಘೋಷಿಸುವ ಆಲೋಚನೆಯೂ ಇದೆ; ಧರ್ಮವಾದರೆ ಪರವಾನಗಿಯ ಕಾನೂನು ಮುಟ್ಟಲಾರದು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಅದು ಕೈಗೂಡಲಿಲ್ಲ.

ಈಗ ಕಾರಿನ ಮಾತು. 1913ರ ಆಗಸ್ಟ್‌ನಲ್ಲಿ ಪಾಲ್ಮರ್ ಡೇವನ್‌ಪೋರ್ಟಿಗೆ ಬಂದಿದ್ದಾಗ ಶಾಲೆಯ ಹಳೆಯ ವಿದ್ಯಾರ್ಥಿಗಳ ಮೆರವಣಿಗೆ ನಡೆಯಿತು. ಸಂಸ್ಥಾಪಕನಾದ ತಾನು ಎಲ್ಲರಿಗಿಂತ ಮುಂದೆ ನಡೆಯಬೇಕೆಂದು ಅವರು ಪಟ್ಟು ಹಿಡಿದರು, ಸಂಘಟಕರು ಒಪ್ಪಲಿಲ್ಲ, ಮಾತಿಗೆ ಮಾತು ಬೆಳೆಯಿತು. ಆ ಗಲಾಟೆಯಲ್ಲಿ ಬಿ. ಜೆ. ತಮ್ಮ ಕಾರನ್ನು ತಂದೆಗೆ ತಾಗಿಸಿದರೆಂದು ಎದುರು ಬಣದವರು ಹೇಳಿದರು. ಹಾಗಾಗಲೇ ಇಲ್ಲವೆಂದು ಬಿ. ಜೆ. ಕಡೆಯವರು ಸಾಕ್ಷಿಗಳನ್ನು ಮುಂದಿಟ್ಟರು. ಎದುರು ಬಣದವರು ಅದೇ ಊರಿನ ಪೈಪೋಟಿ ಶಾಲೆಯವರು ಎಂಬುದನ್ನು ಮರೆಯಬಾರದು. ಪಾಲ್ಮರ್ ತೀರಿಕೊಂಡದ್ದು ಎರಡು ತಿಂಗಳ ನಂತರ, ಅಕ್ಟೋಬರ್ 20ರಂದು, ಲಾಸ್ ಏಂಜಲೀಸ್‌ನಲ್ಲಿ. ಮರಣಪತ್ರದಲ್ಲಿ ಕಾರಣ ವಿಷಮಶೀತ ಜ್ವರ ಎಂದಿದೆ. ಮಗನ ಮೇಲೆ ದಾವೆ ಹೂಡಲಾಯಿತು, ಅದು ಮುಂದುವರಿಯಲಿಲ್ಲ. ಕೊಲೆಯ ಆರೋಪಪಟ್ಟಿಯೂ ದಾಖಲಾಗಲಿಲ್ಲ. ಕೊಂದನೆಂಬುದು ಎರಡು ಶಾಲೆಗಳ ವೈರದಲ್ಲಿ ಹುಟ್ಟಿದ ಕಥೆಯೆಂದೇ ನನಗೆ ತೋರುತ್ತದೆ. ಕೈರೊಪ್ರಾಕ್ಟರುಗಳಿಗೆ ಪರವಾನಗಿ ಕೊಡುವ ಮೊದಲ ರಾಜ್ಯ ಕಾನೂನು ಕ್ಯಾನ್ಸಸ್‌ನಲ್ಲಿ ಅಂಗೀಕಾರವಾದದ್ದೂ ಅದೇ 1913ರಲ್ಲಿ.

ಮಗನ ಕೈಯಲ್ಲಿ ಶಾಲೆಯ ವಿದ್ಯಾರ್ಥಿಗಳ ಸಂಖ್ಯೆ ಇಪ್ಪತ್ತರ ದಶಕದ ಆರಂಭಕ್ಕೆ ಎರಡು ಸಾವಿರ ದಾಟಿತು. ಬಿ. ಜೆ. 1922ರಲ್ಲಿ ಡಬ್ಲ್ಯುಒಸಿ ರೇಡಿಯೊ ಕೇಂದ್ರವನ್ನು ಕೊಂಡು ಶಾಲೆಯ ಮಹಡಿಯಿಂದಲೇ ಪ್ರಸಾರ ನಡೆಸಿದರು. ಹತ್ತು ವರ್ಷಗಳ ಬಳಿಕ ಅಲ್ಲಿ ಕ್ರೀಡಾ ವೀಕ್ಷಕ ವಿವರಣೆಗೆ ಸೇರಿದ ಯುವಕ ರೊನಾಲ್ಡ್ ರೇಗನ್ ಮುಂದೆ ಅಮೆರಿಕದ ಅಧ್ಯಕ್ಷರಾದರು. 1924ರಲ್ಲಿ ಬೆನ್ನಿನ ಶಾಖ ಅಳೆಯುವ ಉಪಕರಣವೊಂದನ್ನು ದುಬಾರಿ ಬಾಡಿಗೆಗೆ ಮಾತ್ರ ಕೊಡುತ್ತೇನೆಂದು ಹಟ ಹಿಡಿದು ಅನುಯಾಯಿಗಳಲ್ಲಿ ಅನೇಕರನ್ನು ಕಳೆದುಕೊಂಡರು. ತಂದೆಯಂತೆ ಮಗ.

ವೈದ್ಯ ಸಂಘಟನೆಗಳ ವಿರೋಧ ಬಹಳ ಕಾಲ ಮುಂದುವರಿಯಿತು. ಅಮೆರಿಕದ ಕೊನೆಯ ರಾಜ್ಯವಾದ ಲೂಸಿಯಾನಾ ಪರವಾನಗಿ ಕೊಟ್ಟದ್ದು 1974ರಲ್ಲಿ. 1987ರಲ್ಲಿ ಫೆಡರಲ್ ನ್ಯಾಯಾಲಯವೊಂದು, ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ ಕೈರೊಪ್ರಾಕ್ಟರುಗಳನ್ನು ಬಹಿಷ್ಕರಿಸಿದ್ದು ಸ್ಪರ್ಧಾವಿರೋಧಿ ಕಾನೂನಿನ ಉಲ್ಲಂಘನೆಯೆಂದು ತೀರ್ಪಿತ್ತಿತು. ಇದು ವ್ಯಾಪಾರದ ನ್ಯಾಯದ ಕುರಿತ ತೀರ್ಪೇ ಹೊರತು, ಪಾಲ್ಮರ್ ಸಿದ್ಧಾಂತ ಸರಿಯೆಂಬ ತೀರ್ಪಲ್ಲ. ಆ ಸಿದ್ಧಾಂತದ ವಿಷಯದಲ್ಲಿ ಬ್ರಿಟನ್ನಿನ ಕೈರೊಪ್ರಾಕ್ಟರುಗಳ ಅಧಿಕೃತ ನಿಯಂತ್ರಣ ಮಂಡಳಿಯೇ 2010ರಲ್ಲಿ, ಸ್ಥಾನ ತಪ್ಪಿದ ಮಣಿಗಳಿಂದ ರೋಗ ಬರುತ್ತದೆಂಬುದು ಇತಿಹಾಸಕ್ಕೆ ಸೇರಿದ ಪರಿಕಲ್ಪನೆ, ಅದಕ್ಕೆ ಸಂಶೋಧನೆಯ ಆಧಾರವಿಲ್ಲ ಎಂದಿತು.

ಹಾಗಾದರೆ ತಮ್ಮ ಮಗ ಏನು ಮಾಡಬೇಕು? ಸೊಂಟನೋವು ಪಾಲ್ಮರ್ ಸಿದ್ಧಾಂತದ ಕೇಂದ್ರವಾಗಿರಲೇ ಇಲ್ಲ, ಆದರೆ ಈ ಕೈಚಿಕಿತ್ಸೆಗೆ ತಕ್ಕಮಟ್ಟಿಗಿನ ಆಧಾರ ದೊರೆತಿರುವುದು ಅಲ್ಲಿಯೇ. ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರ ಮಾರ್ಗಸೂಚಿಯಲ್ಲಿ, ಮಾತ್ರೆಗಿಂತ ಮುಂಚೆ ಪ್ರಯತ್ನಿಸಬಹುದಾದ ವಿಧಾನಗಳಲ್ಲಿ ಶಾಖ, ವ್ಯಾಯಾಮ ಮೊದಲಾದವುಗಳ ಸಾಲಿನಲ್ಲಿ ಬೆನ್ನುಮೂಳೆಯ ಕೈಚಿಕಿತ್ಸೆಯನ್ನೂ ಸೇರಿಸಿದೆ. ಆಧಾರದ ಗುಣಮಟ್ಟ ಕಡಿಮೆಯೆಂದು ಅದೇ ಹೇಳಿದೆ. ಕೆಲವು ವಾರಗಳಲ್ಲಿ ನೋವು ತಗ್ಗಿ, ಜೊತೆಗೆ ವ್ಯಾಯಾಮವನ್ನೂ ಹೇಳಿಕೊಡುತ್ತಿದ್ದರೆ ಅವರು ಮುಂದುವರಿಸಲು ಅಡ್ಡಿಯಿಲ್ಲ. ನೋವು ಹೋದ ಮೇಲೂ ವರ್ಷವಿಡೀ ಬರಬೇಕೆಂದು ಮುಂಗಡ ಹಣ ಕೇಳಿದರೆ, ಅಥವಾ ಬೆನ್ನು ಒತ್ತಿ ಸಕ್ಕರೆ ಕಾಯಿಲೆ, ಆಸ್ತಮಾ, ಕಿವುಡುತನಗಳನ್ನು ವಾಸಿಮಾಡುತ್ತೇವೆಂದರೆ ಬಿಟ್ಟುಬಿಡುವುದು ಲೇಸು. ಕುತ್ತಿಗೆಯನ್ನು ರಭಸದಿಂದ ತಿರುಗಿಸಿ ಲಟಕ್ಕೆನಿಸುವುದಕ್ಕೆ ಅವರು ಒಪ್ಪದಿರಲಿ. ಮಿದುಳಿಗೆ ರಕ್ತ ಒಯ್ಯುವ ಧಮನಿಯ ಒಳಪದರ ಹರಿದು ಪಾರ್ಶ್ವವಾಯು ಆದ ಪ್ರಕರಣಗಳು ವಿರಳವಾದರೂ ವರದಿಯಾಗಿವೆ, ಸೊಂಟನೋವಿಗೆ ಕುತ್ತಿಗೆ ತಿರುಗಿಸುವ ಅಗತ್ಯವೂ ಇಲ್ಲ. ಕಾಲಿನಲ್ಲಿ ಶಕ್ತಿ ಕುಂದಿದರೆ, ತೊಡೆಯ ಸಂದಿನಲ್ಲಿ ಜೋಮು ಹಿಡಿದರೆ, ಮೂತ್ರದ ಮೇಲೆ ಹಿಡಿತ ತಪ್ಪಿದರೆ ಕೈರೊಪ್ರಾಕ್ಟರ್ ಬಳಿ ಕಾಯದೆ ಅದೇ ದಿನ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.